ಹತ್ತೊಂಬತ್ತನೆಯ ಪುಟದ ಜ್ವರ

ನಮ್ಮ ಊರಿನ ಮಾದರಿ ದೋಣಿ ಕ್ಲಬ್ಬು ತನಗೆ ಐವತ್ತು ವರ್ಷ ತುಂಬಿದಾಗ ಹೊರತಂದ ಸ್ಮರಣ ಸಂಚಿಕೆಯ ಹತ್ತೊಂಬತ್ತನೆಯ ಪುಟದಲ್ಲಿ ಎರಡು ಸುಳ್ಳುಗಳಿವೆ. ಎರಡನ್ನೂ ಬರೆದವಳು ನಾನು. ತಿದ್ದಿಸಿದವರು ನನ್ನ ಅತ್ತಿಗೆ. ಈ ಬರಹ ಅವರ ಬಗ್ಗೆ.

ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಎರಡು ಇಸ್ತ್ರಿಪೆಟ್ಟಿಗೆಗಳನ್ನು ತಂದರು. ತಮ್ಮ ಸೋದರತ್ತೆಯ ಬಳಿ ಎಂಟು ವರ್ಷ ಕಲಿತ ಲಾಂಡ್ರಿ ಕೆಲಸವೂ ಜೊತೆಗೆ ಬಂತು. ಅಣ್ಣನದು ರೇಡಿಯೊ ರಿಪೇರಿ ಅಂಗಡಿ. ಒಂದೇ ಮಳಿಗೆಯ ನಡುವೆ ಹಲಗೆ ಹೊಡೆದು, ಬಲಗಡೆ ರೇಡಿಯೊ, ಎಡಗಡೆ ಬಟ್ಟೆ ಎಂದು ಭಾಗ ಮಾಡಿಕೊಂಡರು. ಒಂದು ಕಡೆಯಿಂದ ಬೆಸುಗೆಯ ಹೊಗೆ, ಇನ್ನೊಂದು ಕಡೆಯಿಂದ ಗಂಜಿ ಹಾಕಿದ ಬಟ್ಟೆ ಕಾದ ವಾಸನೆ. ಗಿರಾಕಿಗಳು ತಪ್ಪು ಬಾಗಿಲಿಗೆ ಬಂದು ರೇಡಿಯೊಗಳನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದುದೂ ಉಂಟು.

ಅತ್ತಿಗೆಗೆ ಇದ್ದದ್ದು ಒಂದೇ ನಿಯಮ. ಚೀಟಿ ತಂದವರಿಗೆ ಬಟ್ಟೆ. ಒಮ್ಮೆ ಹೈಸ್ಕೂಲಿನ ಹೆಡ್‌ಮಾಸ್ಟರು ಚೀಟಿ ಕಳೆದುಕೊಂಡು ಬಂದರು. ಅವರ ಕೋಟು ಎದುರಿಗೇ ತೂಗಾಡುತ್ತಿತ್ತು.

"ನನ್ನ ಕೋಟು ನನಗೆ ಗೊತ್ತಾಗಲ್ವೇನಮ್ಮ?"

"ನಿಮಗೆ ಗೊತ್ತಾಗುತ್ತೆ ಸಾರ್. ನನ್ನ ಚೀಟಿಗೆ ಗೊತ್ತಾಗಬೇಕಲ್ಲ."

ಅವರು ಮನೆಗೆ ಹೋಗಿ ಚೀಟಿ ಹುಡುಕಿ ತಂದರು. ಆ ಕಾಲದಲ್ಲಿ ಹೆಡ್‌ಮಾಸ್ಟರನ್ನು ವಾಪಸು ಕಳಿಸಿದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಅಣ್ಣನಿಗೆ ದೋಣಿಯ ಹುಚ್ಚು ಹಿಡಿದದ್ದು ಮದುವೆಯಾದ ಎರಡನೆಯ ವರ್ಷ. ಚಹಾಪೆಟ್ಟಿಗೆಯ ತೆಳು ಹಲಗೆಯನ್ನು ನೆನೆಸಿ, ಬಗ್ಗಿಸಿ, ಮೊಳಕ್ಕಿಂತ ತುಸು ಉದ್ದದ ದೋಣಿ ಕಟ್ಟಿದ. ಹೆಬ್ಬೆರಳಿನ ಗಾತ್ರದ ಎಂಜಿನ್ನು ಕೂರಿಸಿದ. ಅದರ ಕೂಗು ಕಿವಿ ಕೊರೆಯುತ್ತಿತ್ತು. ದಡದಲ್ಲಿ ನಿಂತು ದೋಣಿಗೆ ಅಪ್ಪಣೆ ಕೊಡುವ ಸೆಟ್ಟನ್ನು ಊಟದ ಡಬ್ಬಿಯೊಂದರಲ್ಲಿ ತಾನೇ ಜೋಡಿಸಿದ. ಅದಕ್ಕೊಂದು ಉದ್ದನೆಯ ಏರಿಯಲ್ಲು, ಸ್ವಿಚ್ ಹಾಕಿದರೆ ಮೇಲೇಳುವ ಬ್ಯಾಟರಿ ಮುಳ್ಳು, ದೋಣಿ ತಿರುಗಿಸಲು ಒಂದೇ ಒಂದು ಗುಂಡಿ. ಮೊದಲ ಸಲ ಒತ್ತಿದರೆ ದೋಣಿ ಎಡಕ್ಕೆ, ಎರಡನೆಯ ಸಲ ಬಲಕ್ಕೆ. ಎರಡು ಸಲ ಎಡಕ್ಕೇ ಹೋಗಬೇಕೆಂದರೆ ನಡುವೆ ಬಲವನ್ನು ದಾಟಿಯೇ ಬರಬೇಕು.

"ನಿನ್ನ ಅಣ್ಣನ ಥರಾನೇ ಇದೆ," ಎಂದರು ಅತ್ತಿಗೆ ನನ್ನ ಕಡೆ ನೋಡಿ. "ಒಂದು ಸಲ ಹೇಳಿದ್ದು ಕೇಳಿದ್ರೆ, ಮುಂದಿನ ಸಲ ಬೇಕೂಂತ ಉಲ್ಟಾ."

ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ನೀರು ನಿಂತು ಕೊಳವಾಗಿತ್ತು. ಅಲ್ಲಿಗೆ ಭಾನುವಾರ ಮಧ್ಯಾಹ್ನ ಅಣ್ಣ ಒಬ್ಬನೇ ಹೋಗುತ್ತಿದ್ದವನು, ನಾಲ್ಕು ತಿಂಗಳಲ್ಲಿ ಎಂಟು ಜನರ ಗುಂಪಾದ. ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುವವನು, ಬಸ್ ಕಂಡಕ್ಟರು, ಇಬ್ಬರು ಫಿಟ್ಟರುಗಳು, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಮೂರು ಎಣ್ಣೆ ಡಬ್ಬಗಳಿಗೆ ಬಿಳಿ ಬಣ್ಣ ಬಳಿದು ನೀರಿನಲ್ಲಿ ತೇಲಿಬಿಟ್ಟು, ಅವುಗಳ ಸುತ್ತ ಪಂದ್ಯ ಕಟ್ಟುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂದು ಊರು ಆಡಿಕೊಂಡಿತು. ಅವರು ಕೇಳಿಸಿಕೊಳ್ಳಲಿಲ್ಲ, ಎಂಜಿನ್ನಿನ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ.

ಆದರೆ ಎರಡು ದೋಣಿಗಳು ಒಟ್ಟಿಗೆ ನೀರಿಗಿಳಿದ ಕೂಡಲೇ ಗೋಳು ಶುರುವಾಯಿತು. ಪ್ರತಿ ಸೆಟ್ಟಿನಲ್ಲೂ ಉಗುರಿನಷ್ಟು ಒಂದು ಕ್ರಿಸ್ಟಲ್ ಇರುತ್ತಿತ್ತು. ಸೆಟ್ಟು ಯಾವ ಅಲೆಯಲ್ಲಿ ಮಾತಾಡಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಸಿಗುತ್ತಿದ್ದ ಅಲೆಗಳು ಆರೇ ಆರು, ಆರಕ್ಕೂ ಒಂದೊಂದು ಬಣ್ಣದ ಗುರುತು. ಹಳದಿ ಅಲೆಯ ಇಬ್ಬರು ಒಂದೇ ಸಲ ಸ್ವಿಚ್ ಹಾಕಿದರೆ, ಒಬ್ಬನ ದೋಣಿ ಇನ್ನೊಬ್ಬನ ಮಾತು ಕೇಳುತ್ತದೆ, ಅಥವಾ ಯಾರ ಮಾತನ್ನೂ ಕೇಳದೆ ಕಲ್ಲಿಗೆ ಹೋಗಿ ಹೊಡೆಯುತ್ತದೆ. "ಹಳದಿ ಯಾರಯ್ಯಾ?" ಎಂದು ದಡದಿಂದ ದಡಕ್ಕೆ ಕೂಗಿ, ಜಗಳವಾಡಿ, ಆರು ತಿಂಗಳಲ್ಲಿ ಐದು ದೋಣಿ ಮುಳುಗಿಸಿದರು.

ಬುತ್ತಿ ಕೊಡಲೆಂದು ಬಂದಿದ್ದ ಅತ್ತಿಗೆ ಒಂದು ಮಧ್ಯಾಹ್ನ ಈ ಕೂಗಾಟವನ್ನು ನೋಡಿದರು. ಮುಂದಿನ ಭಾನುವಾರ ಒಂದು ಮಡಚುವ ಮೇಜು, ಒಂದು ಹಲಗೆಯೊಂದಿಗೆ ಬಂದರು. ಅದರ ಅಂಚಿಗೆ ಬಟ್ಟೆ ಒಣಹಾಕುವ ಆರು ಮರದ ಕ್ಲಿಪ್ಪುಗಳು, ಆರಕ್ಕೂ ಆರು ಬಣ್ಣ.

"ಒಂದು ಬಣ್ಣಕ್ಕೆ ಒಂದೇ ಕ್ಲಿಪ್ಪು. ಸ್ವಿಚ್ ಹಾಕೋಕೆ ಮುಂಚೆ ನನ್ನ ಹತ್ರ ಬಂದು ತಗೊಂಡು ಏರಿಯಲ್ಲಿಗೆ ಸಿಗಿಸಿಕೊಳ್ಳಿ. ದೋಣಿ ಮೇಲೆತ್ತಿದ ಮೇಲೆ ವಾಪಸ್ ತಂದುಕೊಡಿ. ಕ್ಲಿಪ್ ಇಲ್ಲ ಅಂದ್ರೆ ಸ್ವಿಚ್ ಇಲ್ಲ."

"ಮತ್ತೆ ಕ್ಲಿಪ್ ಇಲ್ಲದೆ ಯಾರಾದ್ರೂ ಸ್ವಿಚ್ ಹಾಕಿದ್ರೆ?" ಎಂದು ಕಂಡಕ್ಟರು ಕೇಳಿದ.

"ಟಿಕೆಟ್ ಇಲ್ಲದೆ ಬಸ್ಸಲ್ಲಿ ಕೂತವನನ್ನ ನೀನೇನು ಮಾಡ್ತೀಯಪ್ಪ?"

"ಇಳಿಸ್ತೀನಿ."

"ನಾನೂ ಇಳಿಸ್ತೀನಿ. ಸೆಟ್ ಈ ಮೇಜಿನ ಮೇಲೆ, ಆಸಾಮಿ ಮನೆಗೆ."

ಇನ್ನೊಂದು ಪದ್ಧತಿ ತಾನಾಗಿ ಬೆಳೆಯಿತು. ಕೈಲಿದ್ದ ದೋಣಿ ಇದ್ದಕ್ಕಿದ್ದಂತೆ ಮಾತು ಕೇಳದೇ ಹೋದರೆ, ಅದರ ಒಡೆಯ ಕೂಗಬಾರದು. ತನ್ನ ಏರಿಯಲ್ಲನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿಯಬೇಕು. ಕ್ಲಿಪ್ಪು ನನ್ನಲ್ಲಿದೆ, ಕಳ್ಳ ಬೇರೆ ಎಲ್ಲೋ ಇದ್ದಾನೆ ಎಂದು ಅದರ ಅರ್ಥ.

ಅತ್ತಿಗೆ ಒಂದು ದಿನವೂ ದೋಣಿ ಓಡಿಸಲಿಲ್ಲ. ಮಡಚುವ ಸ್ಟೂಲಿನ ಮೇಲೆ ಹಲಗೆ ಹಿಡಿದು ಮೂವತ್ತೆಂಟು ವರ್ಷ ಕೂತರು.

ಕ್ಲಬ್ಬಿನ ಐದನೆಯ ವರ್ಷ ಪಕ್ಕದ ಊರಿನ ತಂಡ ಪಂದ್ಯಕ್ಕೆ ಬಂತು. ಅಣ್ಣ ಆಗ ಕ್ಲಬ್ಬಿನ ಅಧ್ಯಕ್ಷ. ಕೊನೆಯ ಸುತ್ತಿಗೆ ನಮ್ಮ ಕಡೆಯಿಂದ ಇಬ್ಬರು ಉಳಿದಿದ್ದರು, ಅಣ್ಣ ಮತ್ತು ಡ್ರಾಯಿಂಗ್ ಮೇಷ್ಟ್ರು. ಇಬ್ಬರದೂ ಹಳದಿ. ಮೊದಲು ಮೇಷ್ಟ್ರ ಸರದಿ, ಕ್ಲಿಪ್ಪು ಅವರ ಬಳಿ ಇತ್ತು. ಎರಡು ವರ್ಷ ಕೂತು ಕಟ್ಟಿದ ಅವರ ದೋಣಿ ಅಂದು ಎಲ್ಲರನ್ನೂ ಹಿಂದೆ ಹಾಕಿ ದೂರದ ತಿರುವಿಗೆ ಬಂದಿತ್ತು. ಅದು ತಿರುಗಲಿಲ್ಲ. ನೇರ ಹೋಗಿ ಗಣಿಯ ಕಲ್ಲಿಗೆ ಅಪ್ಪಳಿಸಿ ಒಡೆದು, ನಾವು ನೋಡುತ್ತಿರುವಂತೆಯೇ ಮುಳುಗಿತು. ಮೇಷ್ಟ್ರು ಏರಿಯಲ್ಲನ್ನು ಎತ್ತಿ ಹಿಡಿದು ನಿಂತಿದ್ದರು. ತುದಿಯಲ್ಲಿ ಹಳದಿ ಕ್ಲಿಪ್ಪು.

ಅತ್ತಿಗೆ ಸ್ಟೂಲಿನಿಂದ ಎದ್ದು ಸಾಲಾಗಿ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ನೀವಾ? ನೀವಾ?" ಅಣ್ಣನ ಮುಂದೆ ಬಂದಾಗ, ಅವರು ಕೇಳುವ ಮೊದಲೇ ಅಣ್ಣ ಹೇಳಿದ.

"ನಾನೇ. ಬ್ಯಾಟರಿ ಇದೆಯೋ ಇಲ್ವೋ ಅಂತ ಮುಳ್ಳು ನೋಡೋಕೆ, ಬರೀ ಒಂದು ಕ್ಷಣ."

"ಕೊಡಿ."

"ನನ್ನ ಸರದಿ ಇದೆ ಕಣೇ. ಈಗ ಉಳಿದಿರೋದು ನಾನೊಬ್ಬನೇ."

"ಇದ್ರೆ ಇರಲಿ. ಕೊಡಿ."

ಎರಡು ಊರಿನ ಜನ ನೋಡುತ್ತಿದ್ದರು. ಅಣ್ಣ ಸೆಟ್ಟನ್ನು ಕೊಟ್ಟ. ಅತ್ತಿಗೆ ಅದನ್ನು ಮೇಜಿನ ಮೇಲಿಟ್ಟು, ಬಿಳಿ ಬಟ್ಟೆ ಮುಚ್ಚಿ, ಹೋಗಿ ಸ್ಟೂಲಿನ ಮೇಲೆ ಕೂತರು. ಅಣ್ಣ ಮೂರು ಮೈಲಿ ನಡೆದು ಮನೆಗೆ ಹೋದ. ಟ್ರೋಫಿ ಪಕ್ಕದ ಊರಿಗೆ ಹೋಯಿತು. ಮನೆಯಲ್ಲಿ ಗಂಡ ಹೆಂಡಿರ ನಡುವೆ ಹನ್ನೊಂದು ದಿನ ಮಾತಿರಲಿಲ್ಲ. ಹನ್ನೆರಡನೆಯ ದಿನ ಅಣ್ಣ ಅಂಗಡಿಯ ನಡುಹಲಗೆಯ ಆಚೆಯಿಂದ, "ನನ್ನ ಶರ್ಟು ಇಸ್ತ್ರಿ ಆಗಿದ್ಯಾ?" ಎಂದು ಕೇಳಿದ. "ಚೀಟಿ ಎಲ್ಲಿ?" ಎಂದರು ಅತ್ತಿಗೆ. ಅಲ್ಲಿಗೆ ಅದು ಮುಗಿಯಿತು. ಮುಂದಿನ ವರ್ಷ ಅಣ್ಣ ಮೇಷ್ಟ್ರಿಗೆ ಹೊಸ ದೋಣಿ ಕಟ್ಟಿಕೊಟ್ಟ.

ಕ್ಲಬ್ಬಿನ ವರದಿ ಪುಸ್ತಕ ಬರೆಯುತ್ತಿದ್ದವಳು ನಾನು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಅಕ್ಷರ ದುಂಡಾಗಿತ್ತು. ಆಗಿನ ಕಾರ್ಯದರ್ಶಿ ಬಂದು, ಅಧ್ಯಕ್ಷರ ಮಾನ ಹೋಗದ ಹಾಗೆ ಬರೆದುಬಿಡಿ ಎಂದ. ನಾನು ಬರೆದೆ: "ತೀವ್ರ ಜ್ವರದ ಕಾರಣ ಅಧ್ಯಕ್ಷರು ಅಂತಿಮ ಸುತ್ತಿನಲ್ಲಿ ಭಾಗವಹಿಸಲಿಲ್ಲ." ಹಾಗೆ ಬರೆದ ಮೇಲೆ ಮೇಷ್ಟ್ರ ದೋಣಿ ಮುಳುಗಿದ್ದಕ್ಕೂ ಒಂದು ಕಾರಣ ಬೇಕಾಯಿತು. "ಹಿಡಿತ ತಪ್ಪಿ ಮೇಷ್ಟ್ರ ದೋಣಿ ಬಂಡೆಗೆ ಅಪ್ಪಳಿಸಿತು" ಎಂದೂ ಬರೆದೆ. ಅಣ್ಣನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಹೇಳಿಕೊಂಡರೆ ಅದು ಮೂರನೆಯ ಸುಳ್ಳಾಗುತ್ತದೆ. ಸುಲಭವಾಗಿತ್ತು, ಬರೆದೆ. ಆ ಪುಸ್ತಕ ಬೀರುವಿಗೆ ಹೋಯಿತು. ಕ್ಲಬ್ಬಿಗೆ ಹೊಸದಾಗಿ ಸೇರಿದವರು ಆಗಾಗ ಅದನ್ನು ತಿರುವಿ ನೋಡುತ್ತಿದ್ದರು; ಅತ್ತಿಗೆ ಮಾತ್ರ ತೆರೆದು ನೋಡಿದವರಲ್ಲ. ಅಣ್ಣ ತೀರಿಕೊಂಡು ಹನ್ನೆರಡು ವರ್ಷವಾದ ಮೇಲೆ ಸ್ಮರಣ ಸಂಚಿಕೆಯ ಸಂಪಾದಕರು ಅದನ್ನು ಹೊರತೆಗೆದು, ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿಸಿದರು.

ಸಂಚಿಕೆ ಕೈಸೇರಿದ ದಿನವೇ ಅತ್ತಿಗೆ ನನ್ನ ಮನೆಗೆ ಬಂದರು. ವಯಸ್ಸು ಎಪ್ಪತ್ತೊಂಬತ್ತು. ಎರಡು ಮಹಡಿ ಹತ್ತಿ ಬಂದು, ಕೂರದೆ, ಪುಟ ತೆರೆದು ಮೇಜಿನ ಮೇಲೆ ಇಟ್ಟರು.

"ಇದು ನೀನು ಬರೆದದ್ದು."

"ನಾನೇ ಅಂತ ಹೇಗೆ ಹೇಳ್ತೀರಿ ಅತ್ತಿಗೆ? ಹೆಸರಿಲ್ಲವಲ್ಲ."

"ಬೇರೆಯವರು ಜೋರು ಜ್ವರ ಅಂತಾರೆ. ತೀವ್ರ ಅನ್ನೋಳು ನೀನೊಬ್ಬಳೇ."

ನಾನು ಒಪ್ಪಿಕೊಂಡೆ.

"ಇಷ್ಟು ಓದಿಕೊಂಡಿದ್ದೀಯ. ಅವರಿಗೆ ಜ್ವರ ತರಿಸೋಕೆ ನಿನಗೆ ನಾಚಿಕೆ ಆಗಲಿಲ್ವೇನೇ?"

"ಆಯ್ತು. ಸಾಲುವಷ್ಟು ಆಗಲಿಲ್ಲ."

"ನಡಿ," ಎಂದರು.

ಹೋದದ್ದು ಈಗಿನ ಅಧ್ಯಕ್ಷರ ಬಳಿಗೆ. ಅವರು ಹಲ್ಲಿನ ಡಾಕ್ಟರು. ಕ್ಲಬ್ಬಿಗೆ ಸೇರಿ ಹತ್ತು ವರ್ಷವಾಗಿದೆ. ಅವರ ಕಾಲದ ಸೆಟ್ಟುಗಳಿಗೆ ಕ್ಲಿಪ್ಪು ಬೇಕಿಲ್ಲ; ಖಾಲಿ ಇರುವ ಅಲೆಯನ್ನು ತಾವೇ ಹುಡುಕಿಕೊಳ್ಳುತ್ತವೆ. ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಅವರು ಕರೆದ ಸಮಿತಿಯ ಸಭೆ ಅವರ ದವಾಖಾನೆಯ ಹೊರಕೋಣೆಯಲ್ಲಿ, ರೋಗಿಗಳು ಕಾಯುವ ಬೆಂಚುಗಳ ಮೇಲೆ ನಡೆಯಿತು. ಗೋಡೆಯ ಮೇಲೆ ಬಾಯಿ ತೆರೆದ ಚಿತ್ರ. ಮೂಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಕೂತಿದ್ದರು. ಮೊದಲ ಎಂಟು ಜನರಲ್ಲಿ ಉಳಿದಿರುವವರು ಅವರೊಬ್ಬರೇ. ಎಂಬತ್ತಾರು ವರ್ಷ. ದೂರದ ಕಣ್ಣು ಚೆನ್ನಾಗಿದೆ, ಹತ್ತಿರದ್ದು ಕಾಣದು.

"ಅಮ್ಮಾ, ಐವತ್ತರ ಉತ್ಸವದಲ್ಲಿ ಸ್ಥಾಪಕರ ಪತ್ನಿ ಅಂತ ನಿಮಗೂ ಒಂದು ಸನ್ಮಾನ ಇಟ್ಕೊಂಡಿದೀವಿ," ಎಂದರು ಡಾಕ್ಟರು.

"ನನಗೆ ಏನೂ ಬೇಡ. ಆ ಜ್ವರ ತೆಗೀರಿ, ಸಾಕು."

"ಮುನ್ನೂರು ಪ್ರತಿ ಪ್ರಿಂಟಾಗಿದೆಯಲ್ಲಮ್ಮ."

"ಪ್ರಿಂಟಾದ ಮಾತ್ರಕ್ಕೆ ಜ್ವರ ಬರುತ್ತಾ? ನೀವು ಡಾಕ್ಟ್ರು, ನೀವೇ ಹೇಳಿ."

ಒಬ್ಬಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. "ಸ್ವಲ್ಪ ಯೋಚನೆ ಮಾಡಿ. ಅವರು ದಾರಿ ಹಾಕಿಕೊಟ್ಟವರು. ಕ್ಲಬ್ ಕಟ್ಟಿದವರೇ ನಿಯಮ ಮುರಿದ್ರು ಅಂತ ಬರೆದ್ರೆ ಅವರ ಹೆಸರಿಗೇ ಮಸಿ ಬಳಿದ ಹಾಗೆ."

"ದೋಣಿ ಯಾರು ಬೇಕಾದ್ರೂ ಕಟ್ಟಬಹುದು ಡಾಕ್ಟ್ರೇ. ಅವತ್ತು ಅಷ್ಟು ಜನರ ಮುಂದೆ ನಾನೇ ಅಂತ ಹೇಳಿ, ಸೆಟ್ ಕೊಟ್ಟು ನಡೆದ್ರಲ್ಲ, ಅವತ್ತು ಕಟ್ಟಿದ್ದು ಈ ಕ್ಲಬ್ಬನ್ನ. ಅಧ್ಯಕ್ಷನೇ ಮನೆಗೆ ಹೋದ ಮೇಲೆ ಇನ್ನೊಬ್ಬ ಒಂದೇ ಒಂದು ದಿನ ಕ್ಲಿಪ್ ಇಲ್ಲದೆ ಸ್ವಿಚ್ ಮುಟ್ಟಿದ್ದಾನಾ? ಅವರು ಮಾಡಿದ ದೊಡ್ಡ ಕೆಲಸ ಅದು. ಅದನ್ನೇ ಅಳಿಸಿ, ಅವರನ್ನ ಹಾಸಿಗೆ ಮೇಲೆ ಮಲಗಿಸಿದ್ದೀರಿ."

ಮೇಷ್ಟ್ರು ಮೂಲೆಯಿಂದ ಹೇಳಿದರು, "ಹೋಗಲಿ ಬಿಡಮ್ಮ ತಂಗಿ. ನನ್ನ ದೋಣಿ ಹೋಯ್ತು, ಅವನೂ ಹೋದ. ಹಳೇದನ್ನ ಯಾಕೆ ಕೆದಕಬೇಕು?"

"ಮೇಷ್ಟ್ರೇ, ಆ ಪುಟ ಓದಿದ್ರಾ?"

"ಸಣ್ಣಕ್ಷರ ಕಾಣಲ್ಲ ನನಗೆ."

ಅತ್ತಿಗೆ ನನ್ನ ಕಡೆ ತಿರುಗಿ, "ಓದು," ಎಂದರು. ನಲವತ್ತೈದು ವರ್ಷದ ಹಿಂದೆ ಬರೆದದ್ದನ್ನು, ಯಾರ ಬಗ್ಗೆ ಬರೆದೆನೋ ಅವರ ಮುಂದೆ ನಿಂತು ಓದಿದೆ. ಹಿಡಿತ ತಪ್ಪಿ ಮೇಷ್ಟ್ರ ದೋಣಿ ಬಂಡೆಗೆ ಅಪ್ಪಳಿಸಿತು.

"ಯಾರ ಹಿಡಿತ?" ಎಂದರು ಮೇಷ್ಟ್ರು.

ನಾನು ಸಂಚಿಕೆ ಮುಚ್ಚಿದೆ.

"ಅದಕ್ಕೇನಾ," ಎಂದು ನಿಧಾನವಾಗಿ ಹೇಳಿದರು, "ಆಮೇಲೆ ಬಂದವರೆಲ್ಲ ತಿರುವು ಬಂದಾಗ ನನಗೆ 'ನಿಧಾನ ಸಾರ್, ನಿಧಾನ' ಅಂತಿದ್ದದ್ದು. ನಾನು ವಯಸ್ಸಿಗೆ ಮರ್ಯಾದೆ ಕೊಡ್ತಾರೆ ಅಂದ್ಕೊಂಡಿದ್ದೆ."

ಆದರೂ ಸಮಿತಿ ಕೈಯೆತ್ತಿದಾಗ ಸಂಚಿಕೆ ಇದ್ದ ಹಾಗೇ ಇರಲಿ ಎಂಬುದಕ್ಕೆ ನಾಲ್ಕು ಕೈ, ಬೇಡ ಎಂಬುದಕ್ಕೆ ಎರಡು. ಅತ್ತಿಗೆ ಎದ್ದು ನಿಂತರು.

"ಸರಿ. ಸನ್ಮಾನಕ್ಕೆ ನಾನು ಬರಲ್ಲ. ಹಲಗೆ ಬರುತ್ತೆ."

"ಯಾವ ಹಲಗೆ ಅಮ್ಮಾ?"

"ಅವತ್ತು ಹಳೇ ದೋಣಿ, ಹಳೇ ಸೆಟ್ಟು ಓಡಿಸ್ತೀರಂತೆ. ಕ್ಲಿಪ್ ಯಾರು ಕೊಡ್ತಾರೆ, ನಿಮ್ಮ ಕಾಂಪೌಂಡರ್ರಾ?"

ಉತ್ಸವದ ದಿನ ಗಣಿಯ ದಡದಲ್ಲಿ ಶಾಮಿಯಾನ, ಕುರ್ಚಿ, ಮೈಕು. ಬೇರೆ ಬೇರೆ ಊರುಗಳಿಂದ ಹಳೆಯ ಸದಸ್ಯರು ಬಂದಿದ್ದರು. ಗೌರವ ಸ್ವೀಕರಿಸಲು ಬಂದ ಆ ಮುದುಕರು ಶಾಮಿಯಾನದ ಕಡೆ ತಿರುಗಿಯೂ ನೋಡದೆ, ಸೆಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನೇರವಾಗಿ ಸ್ಟೂಲಿನ ಬಳಿಗೆ ಹೋದರು.

"ಅಕ್ಕಾ, ಕೆಂಪು."

"ಕೆಂಪು ಹೊರಗಿದೆ. ಕಾಯಿ."

"ನಲವತ್ತು ವರ್ಷದಿಂದ ಕಾಯ್ತಾನೇ ಇದೀನಿ ನಿಮ್ಮ ಹತ್ರ."

"ಹಾಗಾದ್ರೆ ಅಭ್ಯಾಸ ಆಗಿರಬೇಕಲ್ಲ."

ಮೊದಲ ಓಟದಲ್ಲಿ ಡ್ರಾಯಿಂಗ್ ಮೇಷ್ಟ್ರು ಇದ್ದರು. ಹಳದಿ ಕ್ಲಿಪ್ಪು ಅವರದು. ದೋಣಿ ಅಣ್ಣ ಕಟ್ಟಿಕೊಟ್ಟದ್ದೇ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಮುಂದೆ ಬಂದಿತ್ತು.

ಶಾಮಿಯಾನದ ಮುಂದೆ ಡಾಕ್ಟರು ಅಣ್ಣನ ಹಳೆಯ ಸೆಟ್ಟನ್ನು ಕೈಯಲ್ಲಿ ಹಿಡಿದು ಫೋಟೋಗೆ ನಿಂತಿದ್ದರು. ಮುಂದಿನ ಓಟದಲ್ಲಿ ಸ್ಥಾಪಕರ ಸೆಟ್ಟಿನಿಂದಲೇ ದೋಣಿ ಓಡಿಸುವುದೆಂದು ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದರು. ಫೋಟೋದವನು, "ಸಾರ್, ಆ ಮುಳ್ಳು ಮೇಲೆದ್ದಿರಲಿ. ಚೆನ್ನಾಗಿ ಬರುತ್ತೆ," ಎಂದ. ಡಾಕ್ಟರು ಸ್ವಿಚ್ ಹಾಕಿದರು.

ಮೇಷ್ಟ್ರ ದೋಣಿ ದೂರದ ತಿರುವಿಗೆ ಬಂದಿತ್ತು. ತಿರುಗಲಿಲ್ಲ. ದಡದಲ್ಲಿ ಯಾರೋ ಆಗಲೇ, "ನಿಧಾನ ಸಾರ್," ಎಂದರು. ಮೇಷ್ಟ್ರು ಮಾತಾಡದೆ ಏರಿಯಲ್ಲನ್ನು ತಲೆಯ ಮೇಲೆ ಎತ್ತಿದರು. ಅದನ್ನು ಕಂಡ ಹಳಬರೆಲ್ಲರೂ ನೀರನ್ನು ಬಿಟ್ಟು ದಡದ ಕಡೆ ತಿರುಗಿ ನೋಡತೊಡಗಿದರು. ಫೋಟೋ ಮುಗಿಯಿತು. ಡಾಕ್ಟರು ಸ್ವಿಚ್ ಆರಿಸಿದರು. ಕಲ್ಲಿಗೆ ಎರಡು ಮೊಳ ಇರುವಾಗ ದೋಣಿ ಮತ್ತೆ ಮೇಷ್ಟ್ರ ಕೈಗೆ ಸಿಕ್ಕಿತು. ಪಕ್ಕೆ ಉಜ್ಜಿಕೊಂಡು ಪಾರಾಯಿತು.

ಅತ್ತಿಗೆ ಸ್ಟೂಲಿನಿಂದ ಎದ್ದರು. ಅವರ ಮಂಡಿ ಈಗ ಮಾತು ಕೇಳುವುದಿಲ್ಲ. ಅಷ್ಟು ದೂರ ನಡೆದು ಬರಲು ಹೊತ್ತು ಹಿಡಿಯಿತು. ಯಾರೂ ಅವರಿಗೆ ಕೈ ಕೊಡಲು ಹೋಗಲಿಲ್ಲ.

"ಕ್ಲಿಪ್ ಎಲ್ಲಿ?"

"ಅಯ್ಯೋ, ಬರೀ ಫೋಟೋಗೆ ಅಮ್ಮಾ. ಒಂದೇ ಕ್ಷಣ."

"ಅವರೂ ಬರೀ ಮುಳ್ಳು ನೋಡೋಕೆ. ಒಂದೇ ಕ್ಷಣ. ಕೊಡಿ."

"ನಾನು ಅಧ್ಯಕ್ಷ. ಮುಂದಿನ ಓಟ ನಾನೇ ಶುರು ಮಾಡಬೇಕು. ಜನ ಕಾಯ್ತಿದ್ದಾರೆ."

"ಅವತ್ತು ಅವರೂ ಅಧ್ಯಕ್ಷರೇ. ಕೊಡಿ."

ಡಾಕ್ಟರು ಸುತ್ತ ನೋಡಿದರು. ಇಪ್ಪತ್ತು ಜನ ಮುದುಕರು ಅವರನ್ನೇ ನೋಡುತ್ತಿದ್ದರು. ಸೆಟ್ಟನ್ನು ಕೊಟ್ಟರು. ಅತ್ತಿಗೆ ಅದನ್ನು ಮೇಜಿನ ಮೇಲಿಟ್ಟು ಬಿಳಿ ಬಟ್ಟೆ ಮುಚ್ಚಿದರು. ಬಟ್ಟೆಯನ್ನು ಮನೆಯಿಂದಲೇ ತಂದಿದ್ದರು, ಗಂಜಿ ಹಾಕಿ ಇಸ್ತ್ರಿ ಮಾಡಿ.

"ಇನ್ನು ನಾನು ಏನು ಮಾಡ್ಲಿ?"

"ನಿಯಮ ಗೊತ್ತಲ್ಲ. ಮನೆಗೆ."

ಡಾಕ್ಟರು ರಸ್ತೆಯ ಕಡೆ ಹೊರಟರು. ದಾರಿಯಲ್ಲಿ ಮೈಕಿನವನು ಅವರನ್ನು ತಡೆದ. ಮುಂದಿನ ಓಟ ಘೋಷಿಸಬೇಕಿತ್ತು, ಅವನು ಗಾಬರಿಯಾಗಿದ್ದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ, "ಸಾರ್, ಅನಾರೋಗ್ಯದ ಕಾರಣ ಅಂತ ಹೇಳಿಬಿಡ್ಲಾ?"

ಮೈಕು ಚಾಲೂ ಇತ್ತು. ಪ್ರಶ್ನೆ ಇಡೀ ಗಣಿಗೆ ಕೇಳಿಸಿತು. ಅತ್ತಿಗೆ ತಮ್ಮ ಹಲಗೆ ನೋಡುತ್ತಿದ್ದರು, ತಲೆಯೆತ್ತಲಿಲ್ಲ. ಮೇಷ್ಟ್ರು ದೋಣಿಯ ಪಕ್ಕೆಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಡಾಕ್ಟರು ಮೈಕಿನ ಕಡೆ ತಿರುಗಿದರು. ನಾನು ಅವರ ಜಾಗದಲ್ಲಿ ಒಮ್ಮೆ ನಿಂತಿದ್ದವಳು. ಹೂಂ ಅನ್ನುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು.

"ಬೇಡ," ಎಂದರು. "ಕ್ಲಿಪ್ ಇಲ್ಲದೆ ಸ್ವಿಚ್ ಹಾಕಿದೆ, ಮನೆಗೆ ಕಳಿಸಿದ್ರು ಅಂತ ಹೇಳು."

ಮೈಕಿನವನು ಅದನ್ನೇ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಾಳೆ ತಟ್ಟುವ ವಿಷಯವೂ ಅದಲ್ಲ. ಮುಂದಿನ ಓಟಕ್ಕೆ ಇಬ್ಬರು ಬಂದು ನೀಲಿ ಮತ್ತು ಹಸಿರು ಕ್ಲಿಪ್ಪು ಕೇಳಿದರು.

ಮರುದಿನ ಡಾಕ್ಟರು ಲಾಂಡ್ರಿಗೆ ಬಂದರು. ಅಷ್ಟರಲ್ಲಿ ಸಮಿತಿಯವರಿಗೆಲ್ಲ ಫೋನ್ ಮಾಡಿ ಮುಗಿಸಿದ್ದರು. ಸಂಚಿಕೆಗೆ ತಿದ್ದುಪಡಿಯ ಚೀಟಿ ಅಂಟಿಸುವುದೆಂದು ತೀರ್ಮಾನವಾಗಿತ್ತು. ಒಕ್ಕಣೆ ನಾನು ಬರೆದೆ. ಡಾಕ್ಟರು ಅದರಲ್ಲಿ "ಅಕಸ್ಮಾತ್ತಾಗಿ" ಎಂಬ ಪದವೊಂದು ಸೇರಲಿ ಎಂದು ಕೇಳಿಕೊಂಡರು. ಅತ್ತಿಗೆ ಇಸ್ತ್ರಿ ಮಾಡುತ್ತಲೇ, "ಸ್ವಿಚ್ ತಾನಾಗಿ ಬಿತ್ತಾ?" ಎಂದು ಕೇಳಿ ಅದನ್ನು ಹೊಡೆದು ಹಾಕಿಸಿದರು. ಕೊನೆಗೆ ಉಳಿದದ್ದು ಇಷ್ಟು:

"ಪುಟ ಹತ್ತೊಂಬತ್ತು. ಅಧ್ಯಕ್ಷರಿಗೆ ಜ್ವರ ಇರಲಿಲ್ಲ. ಅವರು ಕ್ಲಿಪ್ಪಿಲ್ಲದೆ ಸ್ವಿಚ್ ಹಾಕಿದರು. ಅದರಿಂದ ಮೇಷ್ಟ್ರ ದೋಣಿ ಮುಳುಗಿತು. ಮೇಷ್ಟ್ರ ಹಿಡಿತ ತಪ್ಪಿರಲಿಲ್ಲ. ತಪ್ಪನ್ನು ಅಧ್ಯಕ್ಷರೇ ಒಪ್ಪಿಕೊಂಡರು. ಕ್ಲಿಪ್ ಹಲಗೆಯವರು ಅವರ ಸೆಟ್ಟನ್ನು ತೆಗೆದಿಟ್ಟರು. ಅವರು ಮನೆಗೆ ಹೋದರು."

ಹಲಗೆಯವರು ಎಂಬಲ್ಲಿ ಹೆಸರು ಹಾಕೋಣವೇ ಎಂದು ಡಾಕ್ಟರು ಕೇಳಿದರು. "ನನ್ನನ್ನ ಹುಡುಕಿಕೊಂಡು ಬಂದವರು ಹಲಗೆ ನೋಡೇ ಬಂದದ್ದು. ಅದು ಸಾಕು," ಎಂದರು ಅತ್ತಿಗೆ. ಚೀಟಿಗಳನ್ನು ಅವರೇ ಮೂರು ಮಧ್ಯಾಹ್ನ ಕೂತು ಗಂಜಿಯಲ್ಲಿ ಅಂಟಿಸಿದರು. ನಾನು ಪುಟ ತೆರೆದು ಕೊಡುತ್ತಿದ್ದೆ. ಮೊದಲ ಪ್ರತಿಯನ್ನು ಮೇಷ್ಟ್ರಿಗೆ ಓದಿ ಹೇಳಿದ್ದೂ ನಾನೇ. "ಇನ್ನೊಂದು ಸಲ," ಎಂದರು. ಓದಿದೆ.

ಅಷ್ಟರಲ್ಲಾಗಲೇ ನಲವತ್ತೊಂದು ಪ್ರತಿಗಳು ಚೀಟಿಯಿಲ್ಲದೆ ಊರು ಬಿಟ್ಟಿದ್ದವು. ಯಾರ ಕೈ ಸೇರಿವೆ ಎಂಬುದು ಕ್ಲಬ್ಬಿಗೂ ತಿಳಿಯದು. ಅಷ್ಟು ಮನೆಗಳಲ್ಲಿ ನನ್ನ ಅಣ್ಣ ಇನ್ನೂ ಜ್ವರದಿಂದ ಮಲಗಿದ್ದಾನೆ. ಈ ಬರಹ ಆ ನಲವತ್ತೊಂದು ಜನರಿಗೆ. ಸಂಚಿಕೆ ನಿಮ್ಮಲ್ಲಿದ್ದರೆ ಲಾಂಡ್ರಿಗೆ ತನ್ನಿ. ಗಂಜಿ ಸದಾ ಸಿದ್ಧವಿರುತ್ತದೆ. ಬೆಳಿಗ್ಗೆ ಎಂಟರಿಂದ ಅಂಗಡಿ ತೆರೆದಿರುತ್ತದೆ, ಅತ್ತಿಗೆ ಅಲ್ಲಿಯೇ ಇರುತ್ತಾರೆ.